ಹಿಮ್ಮಡಿಯ ನಾಲ್ಕು ಹನಿ ರಕ್ತ: ನವಜಾತ ಶಿಶುವಿನ ತಪಾಸಣೆಯ ಲಾಭ ಮತ್ತು ತೊಡಕು

ಹೆರಿಗೆಯಾದ ಎರಡನೆಯ ಅಥವಾ ಮೂರನೆಯ ದಿನ ಈಗ ಅನೇಕ ಆಸ್ಪತ್ರೆಗಳಲ್ಲಿ ದಾದಿಯೊಬ್ಬರು ಬಂದು, ಕೂಸಿನ ಹಿಮ್ಮಡಿಗೆ ಸೂಜಿ ತಾಗಿಸಿ, ನಾಲ್ಕೈದು ಹನಿ ರಕ್ತವನ್ನು ಒಂದು ದಪ್ಪ ಕಾಗದದ ಮೇಲೆ ಇಳಿಸಿಕೊಂಡು ಹೋಗುವುದುಂಟು. ಅದಕ್ಕೆ ಮೊದಲು ತಂದೆಯ ಮುಂದೆ ಒಂದು ಪತ್ರ ಬರುತ್ತದೆ. ಒಪ್ಪಿಗೆಯ ಸಹಿ ಹಾಕಬೇಕು. ಕೆಲವು ಕಡೆ ಈ ಪರೀಕ್ಷೆಗೆ ಹಣವಿಲ್ಲ. ಕೆಲವು ಕಡೆ ಸಾವಿರಾರು ರೂಪಾಯಿ. “ಚೆನ್ನಾಗಿರುವ ಕೂಸಿಗೆ ಸೂಜಿ ಏಕೆ?” ಎಂದು ಒಬ್ಬರು ಸಹಿ ಹಾಕದೆ ಹಿಂದಿರುಗಿಸುತ್ತಾರೆ. “ದುಡ್ಡು ಹೆಚ್ಚಾದಷ್ಟೂ ಪರೀಕ್ಷೆ ಒಳ್ಳೆಯದಿರಬೇಕು” ಎಂದು ಇನ್ನೊಬ್ಬರು ಕೈಸಾಲ ಮಾಡಿ ದೊಡ್ಡ ಪಟ್ಟಿಯ ಪರೀಕ್ಷೆಗೇ ಒಪ್ಪುತ್ತಾರೆ. ಇಬ್ಬರದೂ ಆತುರದ ತೀರ್ಮಾನವೇ. ಆ ಪತ್ರದಲ್ಲಿರುವುದೇನು, ಅದರಿಂದ ಬರುವ ಲಾಭವೇನು, ತೊಡಕೇನು ಎಂಬುದನ್ನು ಈ ಪಾಠದಲ್ಲಿ ತೂಗಿ ನೋಡೋಣ.

ತಪಾಸಣೆ ಎಂದರೆ ಜರಡಿ

ಹಿಟ್ಟನ್ನು ಜರಡಿ ಹಿಡಿಯುವುದನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಜರಡಿಯ ಮೇಲೆ ಉಳಿದುದೆಲ್ಲ ಕಲ್ಲಲ್ಲ. ತೌಡು, ಗಂಟುಕಟ್ಟಿದ ಹಿಟ್ಟು ಸಹ ಉಳಿಯುತ್ತದೆ. ಬೆರಳಿನಿಂದ ಬಿಡಿಸಿ ನೋಡಿದ ಮೇಲೆಯೇ ಕಲ್ಲು ಯಾವುದು, ಹಿಟ್ಟು ಯಾವುದು ಎಂದು ತಿಳಿಯುವುದು. ಹಾಗೆಯೇ ಸಣ್ಣ ಮರಳಿನ ಕಣವೊಂದು ಜರಡಿಯ ಕಣ್ಣಿನಿಂದ ಇಳಿದುಹೋಗುವುದೂ ಉಂಟು.

ನವಜಾತ ಶಿಶುವಿನ ತಪಾಸಣೆಯೂ ಇಂಥದೇ. ಹುಟ್ಟಿದ ಮಕ್ಕಳೆಲ್ಲರನ್ನೂ ಒಂದೇ ಜರಡಿಯಲ್ಲಿ ಹಾಯಿಸಿ, “ಇಷ್ಟು ಮಕ್ಕಳನ್ನು ಇನ್ನೊಮ್ಮೆ ನೋಡಬೇಕು” ಎಂದು ಬೇರೆ ಮಾಡುವುದಷ್ಟೇ ಅದರ ಕೆಲಸ. ರೋಗವಿದೆಯೇ ಇಲ್ಲವೇ ಎಂದು ತೀರ್ಪು ಕೊಡುವುದು ಅದಲ್ಲ. ಅದು ಎರಡನೆಯ ಪರೀಕ್ಷೆಯ ಕೆಲಸ. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಮುಂದಿನದೆಲ್ಲ ಸುಲಭವಾಗುತ್ತದೆ.

ಈ ಪರೀಕ್ಷೆ ಹುಟ್ಟಿದ ಬಗೆ

1934ರಲ್ಲಿ ನಾರ್ವೆ ದೇಶದ ವೈದ್ಯ ಆಸ್‌ಬ್ಯೋರ್ನ್ ಫೋಲಿಂಗ್ ಅವರ ಬಳಿಗೆ ಒಬ್ಬ ತಾಯಿ ಬಂದಳು. ಅವಳ ಇಬ್ಬರು ಮಕ್ಕಳಿಗೂ ಬುದ್ಧಿ ಬೆಳೆದಿರಲಿಲ್ಲ. ಇಬ್ಬರ ಮೂತ್ರಕ್ಕೂ ಒಂದು ವಿಚಿತ್ರ ವಾಸನೆ ಇತ್ತು. ಏಕೆ ಹೀಗೆ ಎಂದು ಅವಳು ಬಿಡದೆ ಕೇಳುತ್ತಿದ್ದಳು. ಫೋಲಿಂಗ್ ಅವರು ಆ ಮೂತ್ರವನ್ನು ಪರೀಕ್ಷಿಸಿ, ಆಹಾರದ ಸಸಾರಜನಕದಲ್ಲಿರುವ ಫಿನೈಲ್ ಅಲನೀನ್ ಎಂಬ ಅಂಶವನ್ನು ಆ ಮಕ್ಕಳ ಶರೀರ ಅರಗಿಸಿಕೊಳ್ಳಲಾರದೆಂದೂ, ಅದು ರಕ್ತದಲ್ಲಿ ಕೂಡಿ ಮೆದುಳನ್ನು ಕೆಡಿಸುತ್ತದೆಂದೂ ತಿಳಿಯಲು ದಾರಿ ಮಾಡಿದರು. ಈ ರೋಗಕ್ಕೆ ಫಿನೈಲ್‌ಕೀಟೋನೂರಿಯ ಎಂದು ಹೆಸರಾಯಿತು. 1953ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಅವರ ಸಹೋದ್ಯೋಗಿಗಳು ಆ ಅಂಶವನ್ನು ಕಡಿಮೆ ಮಾಡಿದ ವಿಶೇಷ ಆಹಾರದಿಂದ ಗುಣ ಕಾಣುವುದೆಂದು ತೋರಿಸಿದರು. ಆದರೆ ರೋಗ ಗೊತ್ತಾಗುವ ಹೊತ್ತಿಗೆ ಮೆದುಳಿಗೆ ಆಗಬೇಕಾದ ಹಾನಿ ಆಗಿಹೋಗಿರುತ್ತಿತ್ತು. ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ!

ಬಾಗಿಲನ್ನು ಮೊದಲೇ ಹಾಕುವ ಉಪಾಯ ಕಂಡವರು ಅಮೆರಿಕದ ರಾಬರ್ಟ್ ಗುತ್ರಿ. ಅವರ ಸ್ವಂತ ಮಗನಿಗೆ ಬುದ್ಧಿಮಾಂದ್ಯವಿತ್ತು. ಸಂಬಂಧಿಕರ ಮಗುವೊಂದಕ್ಕೆ ಇದೇ ರೋಗವಿತ್ತು. ಹಿಮ್ಮಡಿಯ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ, ಅಂಚೆಯಲ್ಲಿ ಪ್ರಯೋಗಶಾಲೆಗೆ ಕಳುಹಿಸಿ, ಅಗ್ಗವಾಗಿ ಪರೀಕ್ಷಿಸುವ ಕ್ರಮವನ್ನು ಅವರು ರೂಪಿಸಿದರು. 1962ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಇದು ಬಳಕೆಗೆ ಬಂದಿತು. ಮುಂದೆ 1970ರ ದಶಕದಲ್ಲಿ ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಜಾನ್ ದ್ಯುಸೋ ಅವರು ಅದೇ ಒಣಗಿದ ರಕ್ತದಿಂದ ಥೈರಾಯ್ಡ್ ಗ್ರಂಥಿಯ ಕೊರತೆಯನ್ನೂ ಕಂಡುಹಿಡಿಯಬಹುದೆಂದು ತೋರಿಸಿದರು. ನಮ್ಮ ದೇಶದ ಮಕ್ಕಳ ಮಟ್ಟಿಗೆ ಮುಖ್ಯವಾದುದು ಈ ಎರಡನೆಯದೇ.

ನಮ್ಮ ದೇಶದ ಲೆಕ್ಕ

ಭಾರತದಲ್ಲಿ ಇಂಥ ತಪಾಸಣೆಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕೈಗೊಂಡುದು ನಮ್ಮ ಕರ್ನಾಟಕದಲ್ಲಿ, 1980ರಲ್ಲಿ, ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳ ರಕ್ತವನ್ನು ಪರೀಕ್ಷಿಸಿದರು. ಅನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2007ರಿಂದ 2012ರ ವರೆಗೆ ದಿಲ್ಲಿ, ಮುಂಬಯಿ, ಚೆನ್ನೈ, ಹೈದರಾಬಾದು, ಕೋಲ್ಕತ್ತ ನಗರಗಳಲ್ಲಿ 1,04,066 ಮಕ್ಕಳನ್ನು ಪರೀಕ್ಷಿಸಿತು. ಇವುಗಳಲ್ಲಿ ನಾಲ್ಕು ನಮ್ಮ ಓದುಗರಲ್ಲಿ ಬಹುಮಂದಿ ದುಡಿಯುವ ಊರುಗಳೇ. ಹುಟ್ಟಿನಿಂದಲೇ ಥೈರಾಯ್ಡ್ ರಸದ ಕೊರತೆ ಇದ್ದುದು ಸುಮಾರು 1,130 ಮಕ್ಕಳಿಗೆ ಒಂದರಂತೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹುಟ್ಟುದೋಷವಿದ್ದುದು ಸುಮಾರು 5,762 ಮಕ್ಕಳಿಗೆ ಒಂದರಂತೆ.

ಸಾವಿರಕ್ಕೆ ಒಂದು ಎಂದರೆ ಅಲ್ಪವೆನಿಸಬಹುದು. ಆದರೆ ಒಂದು ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ವರ್ಷಕ್ಕೆ ಹತ್ತು ಸಾವಿರ ಮಕ್ಕಳು ಹುಟ್ಟಿದರೆ, ಅವರಲ್ಲಿ ಎಂಟೊಂಬತ್ತು ಮಕ್ಕಳ ಬುದ್ಧಿಯ ಅಳಿವು ಉಳಿವು ಈ ನಾಲ್ಕು ಹನಿಗಳಲ್ಲಿದೆ ಎಂದಾಯಿತು.

ಲಾಭದ ಪಕ್ಷ

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆದರೆ ಈ ಥೈರಾಯ್ಡ್ ಕೊರತೆ ಮೊಳಕೆಯಲ್ಲಿ ಕಾಣುವುದೇ ಇಲ್ಲ. ಹೊಟ್ಟೆಯಲ್ಲಿದ್ದಾಗ ತಾಯಿಯ ರಸ ಸ್ವಲ್ಪಮಟ್ಟಿಗೆ ಕೂಸನ್ನು ಕಾಪಾಡಿರುತ್ತದೆ. ಆದುದರಿಂದ ಹುಟ್ಟಿದಾಗ ತೂಕ, ಬಣ್ಣ, ಅಳು ಎಲ್ಲ ಸರಿಯಾಗಿಯೇ ಇರಬಹುದು. ವಾರಗಳು ಕಳೆದಂತೆ ಕೂಸು ಹೆಚ್ಚು ನಿದ್ರಿಸುತ್ತದೆ, ಹಾಲು ಕುಡಿಯಲು ಉದಾಸೀನ ಮಾಡುತ್ತದೆ. ಮಲಬದ್ಧತೆ, ಬೇಗ ಇಳಿಯದ ಕಾಮಾಲೆ, ಒಡಕು ದನಿಯ ಅಳು, ಉಬ್ಬಿದ ಹೊಕ್ಕುಳು ಕಾಣಬಹುದು. “ತುಂಬ ಸಾಧು ಕೂಸು, ಅಳುವುದೇ ಇಲ್ಲ” ಎಂದು ಬಂದವರೆಲ್ಲ ಹೊಗಳುತ್ತಾರೆ. ಆ ಸಾಧುತನದ ಹಿಂದೆ ಮೆದುಳು ಹಸಿದಿರಬಹುದೆಂಬುದು ಯಾರಿಗೂ ಹೊಳೆಯುವುದಿಲ್ಲ. ಮಗು ಕೂರಲಿಲ್ಲ, ಮಾತು ಬರಲಿಲ್ಲ ಎಂದು ವೈದ್ಯರಲ್ಲಿಗೆ ಹೋಗುವ ಹೊತ್ತಿಗೆ ಕಳೆದುಹೋದುದನ್ನು ಪೂರ್ತಿಯಾಗಿ ಹಿಂದಕ್ಕೆ ತರಲಾಗುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಹುಟ್ಟಿದ ಎರಡು ವಾರಗಳೊಳಗೆ ಔಷಧಿ ಪ್ರಾರಂಭಿಸಿದ ಮಕ್ಕಳು ಸಾಮಾನ್ಯವಾಗಿ ಉಳಿದ ಮಕ್ಕಳಂತೆಯೇ ಬೆಳೆದು, ಶಾಲೆಗೆ ಹೋಗಿ, ದುಡಿಮೆಗೆ ನಿಲ್ಲುತ್ತಾರೆ. ಔಷಧಿಯಾದರೂ ಏನು? ಥೈರಾಕ್ಸಿನ್ ಎಂಬ ಸಣ್ಣ ಗುಳಿಗೆ. ಸಾಮಾನ್ಯ ಔಷಧಿ ಅಂಗಡಿಯಲ್ಲಿ ಸಿಗುವ ಅಗ್ಗದ ವಸ್ತು. ವೈದ್ಯರು ಹೇಳಿದ ಅಳತೆಯಲ್ಲಿ ಅದನ್ನು ಪುಡಿಮಾಡಿ ಒಂದು ಚಮಚ ನೀರಿನಲ್ಲೋ ತಾಯಿಯ ಹಾಲಿನಲ್ಲೋ ಕದಡಿ ದಿನಕ್ಕೊಮ್ಮೆ ಕೊಡಬೇಕು. ಇಷ್ಟು ಅಗ್ಗದ ಉಪಾಯದಿಂದ ಇಷ್ಟು ದೊಡ್ಡ ಅನಾಹುತ ತಪ್ಪುವ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ.

ಅಡ್ರಿನಲ್ ದೋಷದಲ್ಲಿ ಬುದ್ಧಿಗಿಂತ ಮೊದಲು ಪ್ರಾಣದ ಪ್ರಶ್ನೆ. ಅದರ ತೀವ್ರ ರೂಪದಲ್ಲಿ ಎರಡನೆಯ ವಾರದ ಸುಮಾರಿಗೆ ಶರೀರದ ಉಪ್ಪು ಹರಿದುಹೋಗಿ ಕೂಸು ವಾಂತಿಮಾಡಿ ಸೊರಗುತ್ತದೆ. ಸಾಮಾನ್ಯ ವಾಂತಿಭೇದಿ ಎಂದು ತಿಳಿದು ಕುಳಿತರೆ ಕೈಮೀರಬಹುದು. ಮೊದಲೇ ತಿಳಿದಿದ್ದರೆ ಔಷಧಿಯುಂಟು.

ತಪಾಸಣೆ ರಕ್ತದಿಂದಲೇ ಆಗಬೇಕೆಂದೇನೂ ಇಲ್ಲ. ಕಿವಿಯಲ್ಲಿ ಸಣ್ಣ ಉಪಕರಣವಿಟ್ಟು ಕಿವುಡನ್ನು ಪತ್ತೆಮಾಡುವುದುಂಟು. ಪಾದಕ್ಕೆ ಒಂದು ಪಟ್ಟಿ ಕಟ್ಟಿ ರಕ್ತದ ಆಮ್ಲಜನಕ ಅಳೆದು ಹೃದಯದ ಹುಟ್ಟುದೋಷವನ್ನು ಅನುಮಾನಿಸುವುದುಂಟು. ಇವುಗಳಲ್ಲಿ ಸೂಜಿಯ ನೋವೂ ಇಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶಿಶುಗಳ ಶ್ರವಣ ತಪಾಸಣೆಯಲ್ಲಿ ಒಳ್ಳೆಯ ಕೆಲಸ ಮಾಡುತ್ತ ಬಂದಿದೆ. ಕಿವುಡು ಬೇಗ ತಿಳಿದು ಆರು ತಿಂಗಳೊಳಗೆ ಸಹಾಯ ದೊರೆತ ಮಗುವಿಗೆ ಮಾತು ಕಲಿಯುವ ದಾರಿ ತೆರೆದಿರುತ್ತದೆ.

ತೊಡಕಿನ ಪಕ್ಷ

ಇಷ್ಟನ್ನು ಕೇಳಿದ ಮೇಲೆ “ಹಾಗಾದರೆ ಎಲ್ಲ ರೋಗಗಳಿಗೂ ಪರೀಕ್ಷೆ ಮಾಡಿಬಿಡಲಿ” ಎನಿಸುವುದು ಸಹಜ. ಇಲ್ಲಿಯೇ ನಾವು ಸ್ವಲ್ಪ ನಿಂತು ಯೋಚಿಸಬೇಕು.

ಮೊದಲನೆಯ ತೊಡಕು, ಸುಳ್ಳು ಎಚ್ಚರಿಕೆ. ಲೆಕ್ಕ ಬರೆಯುವ ನಮ್ಮ ಗುಮಾಸ್ತ ಮಿತ್ರರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಲಕ್ಷ ಮಕ್ಕಳನ್ನು ಪರೀಕ್ಷಿಸಿದೆವು ಎಂದಿಟ್ಟುಕೊಳ್ಳೋಣ. ಮೇಲೆ ಹೇಳಿದ ಪ್ರಮಾಣದಂತೆ ಅವರಲ್ಲಿ ನಿಜವಾಗಿ ಥೈರಾಯ್ಡ್ ಕೊರತೆಯುಳ್ಳವರು ಸುಮಾರು 88. ಜರಡಿಯು ನೂರಕ್ಕೆ ಒಂದರಂತೆ ಮಕ್ಕಳನ್ನು ಎತ್ತಿ ತೋರಿಸಿತೆಂದು ಭಾವಿಸಿದರೆ, ಮರುಪರೀಕ್ಷೆಗೆ ಕರೆ ಹೋಗುವುದು 1,000 ಮನೆಗಳಿಗೆ. ಆ 88 ಮಕ್ಕಳೂ ಇದರಲ್ಲಿ ಸೇರಿದ್ದರೂ ಉಳಿದ ಒಂಬೈನೂರಕ್ಕೂ ಮಿಕ್ಕಿದ ಮಕ್ಕಳು ಆರೋಗ್ಯವಂತರೇ. ಆದರೆ ಕರೆ ಬಂದ ದಿನ ಆ ಮನೆಗಳಲ್ಲೆಲ್ಲ ಒಲೆ ಹೊತ್ತುವುದಿಲ್ಲ. ಬಾಣಂತಿಗೆ ನಿದ್ರೆಯಿಲ್ಲ. “ಗ್ರಹಣದ ದಿನ ಹೊರಗೆ ಬಂದಿದ್ದಳು” ಎಂದೋ “ಅವಳ ತವರಿನ ಕಡೆಯ ದೋಷ” ಎಂದೋ ಮಾತುಗಳು ಹುಟ್ಟುತ್ತವೆ. ಎರಡನೆಯ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ತಿಳಿದರೂ ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ.

ಈ ಮಾತುಗಳಿಗೆ ಆಧಾರವಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಥೈರಾಯ್ಡ್ ಕೊರತೆ ಬಹುಪಾಲು ವಂಶದಿಂದ ಬರುವುದಲ್ಲ. ಗ್ರಂಥಿ ರೂಪುಗೊಳ್ಳುವಾಗಲೇ ಆದ ಲೋಪ. ಅಡ್ರಿನಲ್ ದೋಷ, ಫಿನೈಲ್‌ಕೀಟೋನೂರಿಯ ಮೊದಲಾದುವು ವಂಶದಿಂದ ಬರುವುದು ನಿಜ. ಆದರೆ ಅವು ಕಾಣಿಸಿಕೊಳ್ಳಬೇಕಾದರೆ ತಂದೆಯಿಂದ ಒಂದು ಪಾಲು, ತಾಯಿಯಿಂದ ಒಂದು ಪಾಲು ಬರಲೇಬೇಕು. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ಮಾಡಿದ ಮದುವೆಗಳಲ್ಲಿ ಇದರ ಸಂಭವ ಹೆಚ್ಚು. ದೋಷವನ್ನು ಸೊಸೆಯೊಬ್ಬಳ ತಲೆಗೆ ಕಟ್ಟುವುದು ಶಾಸ್ತ್ರಕ್ಕೂ ವಿರುದ್ಧ, ನ್ಯಾಯಕ್ಕೂ ವಿರುದ್ಧ.

ಎರಡನೆಯ ತೊಡಕು, ಸುಳ್ಳು ಸಮಾಧಾನ. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ, ಅಥವಾ ರಕ್ತ ಕೊಡಿಸಿಕೊಂಡ ಮಕ್ಕಳಲ್ಲಿ ಮೊದಲ ಪರೀಕ್ಷೆ ರೋಗವನ್ನು ತೋರಿಸದೆ ಹೋಗಬಹುದು. ಅಂಥವರಿಗೆ ಕೆಲವು ವಾರಗಳ ಮೇಲೆ ಮತ್ತೊಮ್ಮೆ ಪರೀಕ್ಷೆ ಬೇಕಾಗುತ್ತದೆ. “ಪರೀಕ್ಷೆ ಮಾಡಿಸಿದ್ದೇವೆ, ಏನೂ ಇಲ್ಲ” ಎಂಬ ನೆಮ್ಮದಿಯಲ್ಲಿ ಕಣ್ಣೆದುರಿನ ಲಕ್ಷಣಗಳನ್ನು ಅಲಕ್ಷ್ಯ ಮಾಡಬಾರದು.

ಮೂರನೆಯದು, ಹೊತ್ತಿನ ತೊಡಕು. ಹುಟ್ಟಿದ ಮೊದಲ ಒಂದೆರಡು ದಿನ ಎಲ್ಲ ಮಕ್ಕಳಲ್ಲೂ ಥೈರಾಯ್ಡನ್ನು ಪ್ರಚೋದಿಸುವ ರಸ ಏರಿರುತ್ತದೆ. ಆಗ ರಕ್ತ ತೆಗೆದರೆ ಸುಳ್ಳು ಎಚ್ಚರಿಕೆ ಹೆಚ್ಚುತ್ತದೆ. ಆದುದರಿಂದ 48ರಿಂದ 72 ಗಂಟೆಗಳ ನಡುವಿನ ಹೊತ್ತು ಉತ್ತಮವೆನ್ನುತ್ತಾರೆ. ಆದರೆ ಹಾಸಿಗೆಯ ಅಭಾವದಿಂದಲೋ, ಬಿಲ್ಲಿನ ಭಯದಿಂದಲೋ ಬಾಣಂತಿಯನ್ನು ಮರುದಿನವೇ ಮನೆಗೆ ಕರೆದೊಯ್ಯುವುದು ನಮ್ಮಲ್ಲಿ ಸಾಮಾನ್ಯ. ಅದಕ್ಕಾಗಿ ಕೆಲವು ಆಸ್ಪತ್ರೆಗಳು ಹೆರಿಗೆಯ ಹೊತ್ತಿನಲ್ಲಿಯೇ ಹೊಕ್ಕುಳಬಳ್ಳಿಯ ರಕ್ತವನ್ನು ತೆಗೆದಿಡುತ್ತವೆ. ಥೈರಾಯ್ಡಿನ ಮಟ್ಟಿಗೆ ಅದೂ ಒಪ್ಪಿದ ಕ್ರಮವೇ. ಆದರೆ ಅದರಿಂದ ಉಳಿದ ರೋಗಗಳನ್ನೆಲ್ಲ ಹಿಡಿಯಲಾಗದು.

ನಾಲ್ಕನೆಯದು, ಬೇಡದ ಚಿಕಿತ್ಸೆ. ಫಿನೈಲ್‌ಕೀಟೋನೂರಿಯದ ತಪಾಸಣೆ ಆರಂಭವಾದ ವರ್ಷಗಳಲ್ಲಿ, ರಕ್ತದಲ್ಲಿ ಆ ಅಂಶ ಸ್ವಲ್ಪ ಮಾತ್ರ ಹೆಚ್ಚಿದ್ದ, ಚಿಕಿತ್ಸೆಯೇ ಬೇಡವಾಗಿದ್ದ ಕೆಲವು ಮಕ್ಕಳನ್ನೂ ಕಠಿಣ ಪಥ್ಯಕ್ಕೆ ಹಾಕಿ ಅಪೌಷ್ಟಿಕತೆಗೆ ಗುರಿಮಾಡಿದ್ದುಂಟು. ಇನ್ನೂ ದೊಡ್ಡ ಪಾಠ ಜಪಾನಿನದು. 1980ರ ದಶಕದ ನಡುಭಾಗದಿಂದ ಅಲ್ಲಿ ಆರು ತಿಂಗಳ ಶಿಶುಗಳೆಲ್ಲರ ಮೂತ್ರವನ್ನು ಪರೀಕ್ಷಿಸಿ, ನ್ಯೂರೋಬ್ಲಾಸ್ಟೋಮಾ ಎಂಬ ಒಂದು ಬಗೆಯ ಅರ್ಬುದವನ್ನು ಮೊದಲೇ ಹಿಡಿಯುವ ದೇಶವ್ಯಾಪಿ ಕಾರ್ಯಕ್ರಮ ನಡೆಯಿತು. ಹಿಡಿದುದೇನೋ ಬಹಳ. ಆದರೆ ಅವುಗಳಲ್ಲಿ ಅನೇಕ ಗಡ್ಡೆಗಳು ತಾವಾಗಿಯೇ ಕರಗಿಹೋಗುವಂಥವು. ಅವುಗಳಿಗಾಗಿ ಮಕ್ಕಳು ಶಸ್ತ್ರಚಿಕಿತ್ಸೆಯನ್ನೂ ಉಗ್ರ ಔಷಧಿಗಳನ್ನೂ ತಾಳಬೇಕಾಯಿತು. ಕ್ವಿಬೆಕ್ ಮತ್ತು ಜರ್ಮನಿಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನಗಳು ಇಂಥ ತಪಾಸಣೆಯಿಂದ ಸಾವಿನ ಸಂಖ್ಯೆ ತಗ್ಗುವುದಿಲ್ಲವೆಂದು ತೋರಿಸಿದವು. 2003ರಲ್ಲಿ ಜಪಾನು ತನ್ನ ಕಾರ್ಯಕ್ರಮವನ್ನು ನಿಲ್ಲಿಸಲು ತೀರ್ಮಾನಿಸಿತು. ಬೇಗ ತಿಳಿಯುವುದೆಲ್ಲ ಒಳ್ಳೆಯದೇ ಎಂಬ ನಂಬಿಕೆಗೆ ಇದು ತಕ್ಕ ಉತ್ತರ.

ಐದನೆಯದು, ರಕ್ತದ ಕಾಗದ ಮುಂದೆ ಯಾರ ಕೈಯಲ್ಲಿರುತ್ತದೆ ಎಂಬುದು. ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ತಂದೆತಾಯಿಗಳನ್ನು ಕೇಳದೆಯೇ ಈ ಒಣಗಿದ ರಕ್ತವನ್ನು ವರ್ಷಗಟ್ಟಲೆ ಇಟ್ಟುಕೊಂಡು ಸಂಶೋಧನೆಗೆ ಕೊಟ್ಟಿದ್ದರು. 2009ರಲ್ಲಿ ಮೊಕದ್ದಮೆಯಾಗಿ, ಕೊನೆಗೆ 50 ಲಕ್ಷಕ್ಕೂ ಹೆಚ್ಚು ಮಾದರಿಗಳನ್ನು ನಾಶಮಾಡಲು ಒಪ್ಪಬೇಕಾಯಿತು. ಸಹಿ ಹಾಕುವ ಮೊದಲು ಓದಬೇಕು ಎಂಬುದು ಬಾಡಿಗೆ ಕರಾರಿಗೆ ಮಾತ್ರ ಸಲ್ಲುವ ಮಾತಲ್ಲ.

ತೂಗಿ ನೋಡಿದಾಗ

ಹಾಗಾದರೆ ಯಾವ ಪರೀಕ್ಷೆ ಬೇಕು, ಯಾವುದು ಬೇಡ? ಇದಕ್ಕೊಂದು ಅಳತೆಗೋಲನ್ನು ವಿಶ್ವ ಆರೋಗ್ಯ ಸಂಸ್ಥೆಯು 1968ರಲ್ಲಿಯೇ ಪ್ರಕಟಿಸಿತು. ಅದನ್ನು ರೂಪಿಸಿದವರು ವಿಲ್ಸನ್ ಮತ್ತು ಯುಂಗ್ನರ್ ಎಂಬುವರು. ಅವರ ಹತ್ತು ಸೂತ್ರಗಳ ತಿರುಳನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ರೋಗ ಗಣನೀಯವಾಗಿರಬೇಕು, ಅದು ಹೇಗೆ ಬೆಳೆಯುತ್ತದೆಂಬುದು ತಿಳಿದಿರಬೇಕು, ನಂಬಬಹುದಾದ ಪರೀಕ್ಷೆ ಇರಬೇಕು, ಒಪ್ಪಿದ ಚಿಕಿತ್ಸೆ ಇರಬೇಕು, ಆ ಚಿಕಿತ್ಸೆ ಜನರ ಕೈಗೆ ಎಟುಕಬೇಕು, ವೆಚ್ಚ ಮಿತಿಯಲ್ಲಿರಬೇಕು.

ಈ ಗೋಲಿನಿಂದ ಅಳೆದರೆ ಥೈರಾಯ್ಡ್ ಕೊರತೆಯ ಪರೀಕ್ಷೆ ಎಲ್ಲ ಗೆರೆಗಳನ್ನೂ ಮುಟ್ಟುತ್ತದೆ. ಅದನ್ನು ಬಿಡಬಾರದೆಂಬುದೇ ನಮ್ಮ ಅಭಿಪ್ರಾಯ. ಆದರೆ ಐವತ್ತು ರೋಗಗಳನ್ನು ಒಂದೇ ಸಲ ನೋಡುತ್ತೇವೆಂಬ ದುಬಾರಿ ಪಟ್ಟಿ ಮುಂದೆ ಬಂದಾಗ ಕೇಳಬೇಕಾದುದಿದೆ. ಅವುಗಳಲ್ಲಿ ಕೆಲವು ಬಹಳ ಅಪರೂಪ. ಕೆಲವಕ್ಕೆ ಬೇಕಾದ ವಿಶೇಷ ಆಹಾರ ಸುಲಭವಾಗಿ ಸಿಗದು, ಸಿಕ್ಕರೂ ಸಂಬಳಕ್ಕೆ ನಿಲುಕದು. ಅಂಥ ರೋಗ ಕಂಡುಬಂದವರಿಗೆ 2021ರ ರಾಷ್ಟ್ರೀಯ ಅಪರೂಪ ಕಾಯಿಲೆಗಳ ನೀತಿಯಂತೆ ಗೊತ್ತುಪಡಿಸಿದ ಕೇಂದ್ರಗಳುಂಟು: ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆ ಅವುಗಳಲ್ಲಿ ಸೇರಿವೆ. ಹಾಗೆಂದು ದೊಡ್ಡ ಪಟ್ಟಿಯ ಪರೀಕ್ಷೆ ಮಾಡಿಸಲಾಗದ ತಂದೆ ತಾನು ಮಗುವಿಗೆ ದ್ರೋಹ ಮಾಡಿದೆನೆಂದು ಕೊರಗಬೇಕಾದುದಿಲ್ಲ. ಮನೆಯಲ್ಲಿ ಹಿಂದೆ ಕಾರಣ ತಿಳಿಯದೆ ಕೂಸು ತೀರಿಕೊಂಡಿದ್ದರೆ ಅಥವಾ ಹತ್ತಿರದ ಸಂಬಂಧದಲ್ಲಿ ಮದುವೆಯಾಗಿದ್ದರೆ ಮಾತ್ರ ಆ ಸಂಗತಿಯನ್ನು ವೈದ್ಯರಿಗೆ ಮರೆಮಾಚದೆ ಹೇಳಿ ಸಲಹೆ ಪಡೆಯಬೇಕು.

ಊರು ಬಿಟ್ಟು ಬಂದವರು ವಿಶೇಷವಾಗಿ ಗಮನಿಸಬೇಕಾದುದು

ತಪಾಸಣೆಯ ಫಲ ರಕ್ತ ತೆಗೆಯುವುದರಲ್ಲಿಲ್ಲ. ಕರೆ ಬಂದಾಗ ಕೂಸು ಸಿಕ್ಕುವುದರಲ್ಲಿದೆ. ಇಲ್ಲಿಯೇ ನಮ್ಮಂಥವರ ಸರಪಳಿಯ ಕೊಂಡಿ ಕಳಚುವುದು. ಹೆರಿಗೆ ಪುಣೆಯಲ್ಲಿ, ಬಾಣಂತಿತನ ವಿಜಯಪುರದಲ್ಲಿ. ಅಥವಾ ಹೆರಿಗೆ ಕುಂದಾಪುರದ ತವರಿನಲ್ಲಿ, ತಂದೆ ಮುಂಬಯಿಯ ಹೋಟೆಲಿನಲ್ಲಿ. ಕೆಲಸದ ಜಾಗ ಬದಲಾದರೆ ಖೋಲಿ ಬದಲಾಗುತ್ತದೆ. ಮೊಬೈಲ್ ನಂಬರೂ ಬದಲಾಗುತ್ತದೆ. ಆಸ್ಪತ್ರೆಯವರು ಕರೆದರೆ ಎತ್ತುವವರಿಲ್ಲ. ಪರೀಕ್ಷೆ ಸರಿಯಾಗಿ ನಡೆದು, ರೋಗ ಸರಿಯಾಗಿ ತಿಳಿದು, ಔಷಧಿಯೂ ಇದ್ದು, ವಿಳಾಸವಿಲ್ಲದೆ ಒಂದು ಮಗುವಿನ ಬುದ್ಧಿ ಹೋಯಿತೆಂದರೆ ಅದಕ್ಕಿಂತ ದುಃಖವುಂಟೆ?

ಆದುದರಿಂದ ಈ ಕೆಲವು ಕ್ರಮಗಳನ್ನು ಓದುಗರು ತಪ್ಪದೆ ಅನುಸರಿಸಬೇಕೆಂದು ನಾವು ಕೋರುತ್ತೇವೆ.

1. ಎಂಟನೆಯ ತಿಂಗಳಲ್ಲಿಯೇ ಆಸ್ಪತ್ರೆಯಲ್ಲಿ ಕೇಳಿಡಿ: ಯಾವ ರೋಗಗಳಿಗೆ ಪರೀಕ್ಷೆಯಿದೆ? ಯಾವಾಗ ತೆಗೆಯುತ್ತೀರಿ? ಹಣವೆಷ್ಟು? ಫಲಿತಾಂಶ ಎಷ್ಟು ದಿನಕ್ಕೆ? ಈ ಏರ್ಪಾಟು ಊರಿಂದೂರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆಯಾಗಿರುತ್ತದೆ. ಇ.ಎಸ್.ಐ. ಚೀಟಿಯುಳ್ಳವರು ಅಲ್ಲಿಯೂ ವಿಚಾರಿಸಿರಿ.

2. ಎರಡು ನಂಬರುಗಳನ್ನು ಬರೆಸಿರಿ: ಒಂದು ತಂದೆಯದು, ಇನ್ನೊಂದು ಬಾಣಂತಿ ಇರುವ ಮನೆಯ ಹಿರಿಯರದು. ವಿಳಾಸವೂ ಎರಡಿರಲಿ.

3. “ಏನಾದರೂ ಇದ್ದರೆ ಅವರೇ ತಿಳಿಸುತ್ತಾರೆ” ಎಂದು ಕಾಯುತ್ತ ಕೂರಬೇಡಿ. ಹೇಳಿದ ದಿನ ತುಂಬಿದೊಡನೆ ನೀವೇ ವಿಚಾರಿಸಿ, ಫಲಿತಾಂಶದ ಕಾಗದವನ್ನು ಲಸಿಕೆಯ ಕಾರ್ಡಿನ ಜೊತೆಯಲ್ಲಿಡಿ.

4. ಮರುಪರೀಕ್ಷೆಗೆ ಕರೆ ಬಂದರೆ ಗಾಬರಿಯೂ ಬೇಡ, ತಡವೂ ಬೇಡ. ಸೂತಕ ಕಳೆಯಲಿ, ತೊಟ್ಟಿಲು ಶಾಸ್ತ್ರ ಮುಗಿಯಲಿ ಎಂದು ಮುಂದೂಡಬಾರದು. ನಾಮಕರಣ ಒಂದು ವಾರ ತಡವಾದರೆ ಕೆಡುವುದಿಲ್ಲ. ಔಷಧಿ ತಡವಾದರೆ ಕೆಡುತ್ತದೆ.

5. ಔಷಧಿ ಪ್ರಾರಂಭವಾದರೆ “ಮಗು ಈಗ ಚುರುಕಾಗಿದೆ” ಎಂದು ನಿಲ್ಲಿಸಬಾರದು. ಚುರುಕಾಗಿರುವುದು ಔಷಧಿಯಿಂದಲೇ. ಕಬ್ಬಿಣದ ಅಥವಾ ಸುಣ್ಣದ ಔಷಧಿಯನ್ನು ಅದರ ಜೊತೆಗೆ ಕೊಡಬಾರದು. ನಡುವೆ ಕೆಲವು ಗಂಟೆ ಬಿಡಬೇಕು. ಕೆಲವು ಮಕ್ಕಳಲ್ಲಿ ಕೊರತೆ ತಾತ್ಕಾಲಿಕವಾಗಿರುವುದುಂಟು; ಮೂರು ವರ್ಷ ತುಂಬಿದ ಮೇಲೆ ವೈದ್ಯರೇ ನಿಲ್ಲಿಸಿ ನೋಡಿ ತೀರ್ಮಾನಿಸುತ್ತಾರೆ.

6. ಪರೀಕ್ಷೆ ಆಗದೆಯೇ ಮನೆಗೆ ಬಂದಿದ್ದರೂ ಆಸೆ ಬಿಡಬೇಡಿ. ಬೇಗ ಹೋಗಿ ಮಾಡಿಸಿರಿ. ಹುಟ್ಟಿನಿಂದ ಹದಿನೆಂಟು ವರ್ಷದ ವರೆಗಿನ ಮಕ್ಕಳಿಗಾಗಿ 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತದೆ.

ಓದು ಬಾರದ ನೆರೆಯವರಿಗೆ ಆಸ್ಪತ್ರೆಯ ಆ ಪತ್ರವನ್ನು ಓದಿ ಹೇಳುವುದು, ಭಾಷೆ ಬಾರದ ಬಾಣಂತಿಯ ಪರವಾಗಿ ಎರಡು ಪ್ರಶ್ನೆ ಕೇಳುವುದು, ವಾಚನಾಲಯಕ್ಕೆ ಬರುವ ನಮ್ಮೆಲ್ಲರಿಂದಲೂ ಆಗುವ ಸೇವೆ.

ಚರ್ಚೆಗೆ ಪ್ರಶ್ನೆಗಳು

1. “ಮರುಪರೀಕ್ಷೆಗೆ ಕರೆದರು” ಎಂಬುದಕ್ಕೂ “ರೋಗವಿದೆ” ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಜರಡಿಯ ಉದಾಹರಣೆಯಿಂದ ನಿಮ್ಮ ಮನೆಯವರಿಗೆ ವಿವರಿಸಿರಿ.
2. ಜಪಾನಿನಲ್ಲಿ ಅರ್ಬುದದ ತಪಾಸಣೆಯನ್ನು ನಿಲ್ಲಿಸಿದರು. ಥೈರಾಯ್ಡ್ ತಪಾಸಣೆಯನ್ನು ಅನೇಕ ದೇಶಗಳು ಮುಂದುವರಿಸಿವೆ. ಏಕೆ?
3. ನಿಮ್ಮ ಕೇರಿಯಲ್ಲಿ ಈಗ ಬಸುರಿಯರಿರುವ ಮನೆಗಳೆಷ್ಟು? ಹೆರಿಗೆಯ ನಂತರ ಅವರು ಎಲ್ಲಿರುವರೆಂದು ಆಸ್ಪತ್ರೆಗೆ ಗೊತ್ತಿದೆಯೆ?